ಹಳೇ ಕಾರಿನ ಡಿಕ್ಕಿ ತೆಗೆಯಲು ಬರುತ್ತಿಲ್ಲವಾ? ಕೀಗೆ ಇಕ್ಕಳ ಹಾಕುವ ಮುಂಚೆ ಇದನ್ನು ಓದಿ

ಟೈರ್ ಪಂಕ್ಚರ್ ಆಗುವ ತನಕ ಡಿಕ್ಕಿಗೂ ಒಂದು ಲಾಕ್ ಇದೆ ಅನ್ನೋದು ನಮಗೆ ನೆನಪಿರುವುದಿಲ್ಲ. ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್ ಎಲ್ಲಾ ಒಳಗೆ, ನಾವು ಹೊರಗೆ, ಕೀ ತಿರುಗುತ್ತಿಲ್ಲ. ಆಗ ಸಿಟ್ಟಿನಲ್ಲಿ ಕೀಗೆ ಇಕ್ಕಳ ಹಾಕಿ ತಿರುಗಿಸುವವರೇ ಜಾಸ್ತಿ. ಕೀ ಮುರಿದು ಅರ್ಧ ಒಳಗೇ ಕೂರುತ್ತದೆ, ಹತ್ತು ನಿಮಿಷದ ಕೆಲಸ ಇಡೀ ದಿನ ತಿನ್ನುತ್ತದೆ.

ಮಾರುತಿ 800, ಝೆನ್, ಎಸ್ಟೀಮ್, ಮೊದಮೊದಲ ಸ್ಯಾಂಟ್ರೊ, ಇಂಡಿಕಾ ತರಹದ ಕಾರು ಇನ್ನೂ ಓಡಿಸುತ್ತಿರುವವರಿಗೆ ಈ ಬರಹ. 800 ಹೊರಬಂದಿದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಅಂದರೆ ತೀರಾ ಕೊನೆಯ 800ಗೂ ಹತ್ತು ವರ್ಷ ದಾಟಿದೆ. ಹದಿನೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಿ, ಎಂಜಿನ್ನು, ಬ್ರೇಕು ಎಲ್ಲಾ ಮುದ್ದಾಗಿ ನೋಡಿಕೊಂಡವರೂ ಡಿಕ್ಕಿ ಲಾಕ್‌ಗೆ ಒಂದು ಚೂರು ಗ್ರೀಸ್ ಮುಟ್ಟಿಸಿರುವುದಿಲ್ಲ. ಆದರೆ ಧೂಳು ಜಾಸ್ತಿ ಬೀಳುವುದು ಅದಕ್ಕೇ. ಕಾರು ಓಡುವಾಗ ಹಿಂದುಗಡೆ ಗಾಳಿ ಸುಳಿ ಸುತ್ತಿ ಧೂಳು, ಕೆಸರು ನೀರನ್ನೆಲ್ಲ ಎತ್ತಿ ಹಿಂದಿನ ಬಾಗಿಲಿಗೇ ಬಡಿಯುತ್ತದೆ. ಹಿಂದಿನ ಗಾಜು ಯಾವಾಗಲೂ ಮಸಿಮಸಿಯಾಗಿರುತ್ತದಲ್ವಾ, ಅದೇ ಧೂಳು ಕೀ ತೂತಿನೊಳಗೂ ಹೋಗಿರುತ್ತದೆ. ಕರಾವಳಿ, ಮಲೆನಾಡಿನ ಕಾರಾದರೆ ಮಳೆಗಾಲದ ತುಕ್ಕು ಬೇರೆ.

ಒಳಗೆ ಏನಿದೆ

ಕೀ ಹಾಕುವ ಜಾಗ ಬ್ಯಾರಲ್. ಅದರೊಳಗೆ ಚಿಕ್ಕ ಚಿಕ್ಕ ತಗಡಿನ ಪ್ಲೇಟುಗಳು, ಒಂದೊಂದಕ್ಕೂ ಕೂದಲೆಳೆಯಷ್ಟು ತೆಳ್ಳಗಿನ ಸ್ಪ್ರಿಂಗು. ಬ್ಯಾರಲ್ ಹಿಂದೆ ಒಂದು ಸಣ್ಣ ತೋಳು, ಅದಕ್ಕೆ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಸಿಕ್ಕಿಸಿದ ಕಬ್ಬಿಣದ ರಾಡ್. ರಾಡ್ ಹೋಗಿ ಲ್ಯಾಚನ್ನು ಎಳೆಯುತ್ತದೆ. ಲ್ಯಾಚಿನ ಕೊಕ್ಕೆ ಬಾಡಿಯಲ್ಲಿರುವ ಕಂಬಿಯನ್ನು ಬಿಟ್ಟರೆ ಬಾಗಿಲು ತೆರೆದುಕೊಳ್ಳುತ್ತದೆ. ಡ್ರೈವರ್ ಸೀಟಿನ ಪಕ್ಕ ಲಿವರ್ ಇರುವ ಮಾಡೆಲ್ ಆದರೆ ಅಲ್ಲಿಂದಲೂ ಒಂದು ಕೇಬಲ್ ಬಂದು ಇದೇ ಲ್ಯಾಚನ್ನು ಎಳೆಯುತ್ತದೆ, ಸ್ಕೂಟರಿನ ಕ್ಲಚ್ ಕೇಬಲ್ ಇದೆಯಲ್ಲ, ಹಾಗೇ.

ತೊಂದರೆ ಇವುಗಳಲ್ಲಿ ಎಲ್ಲಿದೆ ಅಂತ ಕಂಡುಹಿಡಿಯಲು ಕಿವಿ ಮತ್ತು ಬೆರಳು ಸಾಕು. ಜನ ಬೈಯುವುದು ಬ್ಯಾರಲ್‌ಗೆ, ಕೆಟ್ಟಿರುವುದು ಎಷ್ಟೋ ಸಲ ಅದರ ಹಿಂದಿನ ಸಾಮಾನು.

ಕೀ ಒಳಗೇ ಹೋಗುತ್ತಿಲ್ಲ, ಅಥವಾ ಹೋದರೂ ತಿರುಗುತ್ತಿಲ್ಲ ಅಂದರೆ ಬ್ಯಾರಲ್ ಹಿಡಿದಿದೆ. ಕೀ ಆರಾಮಾಗಿ ತಿರುಗುತ್ತದೆ, ಆದರೆ ಒಳಗಿನಿಂದ ಟಕ್ ಅನ್ನುವ ಸದ್ದೇ ಇಲ್ಲ ಅಂದರೆ ರಾಡ್ ಕಳಚಿದೆ. ಟಕ್ ಅಂತ ಸದ್ದು ಬಂತು, ಬಾಗಿಲು ಮಾತ್ರ ಏಳುತ್ತಿಲ್ಲ ಅಂದರೆ ರಬ್ಬರ್ ಬೀಡಿಂಗ್ ಅಂಟಿಕೊಂಡಿದೆ. ಲಿವರ್ ಎತ್ತಿದರೆ ಸಡಿಲವಾಗಿ ಸುಮ್ನೆ ಮೇಲೆ ಬಂದರೆ ಕೇಬಲ್ ತುಂಡಾಗಿದೆ ಇಲ್ಲವೇ ಕೊಂಡಿಯಿಂದ ಜಾರಿದೆ. ಕೀ, ಲಿವರ್ ಎರಡೂ ಬಿಗಿಯಾಗಿವೆ ಅಂದರೆ ಲ್ಯಾಚೇ ಜಾಮ್.

ಮೊದಲು ಒತ್ತಿ ನೋಡಿ

ಯಾವ ಸಾಮಾನೂ ಬೇಡದ ಉಪಾಯ ಇದು. ಡಿಕ್ಕಿಯಲ್ಲಿ ಲಗೇಜ್ ತುರುಕಿದ್ದರೆ ಅದು ಒಳಗಿನಿಂದ ಬಾಗಿಲನ್ನು ದೂಡುತ್ತಿರುತ್ತದೆ, ಕೊಕ್ಕೆ ಕಂಬಿಗೆ ಕಚ್ಚಿಕೊಂಡು ಅಲುಗಾಡಲ್ಲ. ಹಿಂದಿನಿಂದ ಯಾರಾದರೂ ಗುದ್ದಿ ಬಾಗಿಲು ಚೂರು ಓರೆಯಾಗಿದ್ದರೂ ಇದೇ ಕಥೆ. ಒಬ್ಬರು ಲಾಕಿನ ಹತ್ತಿರ ಅಂಚಿನ ಮೇಲೆ ಎರಡೂ ಅಂಗೈ ಇಟ್ಟು ಮುಚ್ಚುವ ದಿಕ್ಕಿಗೆ ಗಟ್ಟಿಯಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಅದೇ ಹೊತ್ತಿಗೆ ಕೀ ತಿರುಗಿಸಲಿ ಅಥವಾ ಲಿವರ್ ಎತ್ತಲಿ, ಎತ್ತಿ ಹಿಡಿದೇ ಇರಲಿ, ಆಮೇಲೆ ಒತ್ತಿದ ಕೈ ಬಿಡಿ. ಬಾಗಿಲಿನ ನಡುಭಾಗದಲ್ಲಿ ಒತ್ತಬೇಡಿ, ಅಲ್ಲಿ ತಗಡು ತೆಳು, ತಗ್ಗು ಬಿದ್ದರೆ ಟಿಂಕರಿಂಗ್ ಖರ್ಚು ಬೇರೆ.

ಬೀಡಿಂಗ್ ಅಂಟಿಕೊಂಡಿದ್ದರೆ ಸೋಪಿನ ನೀರು ಬಿಟ್ಟು, ಹಳೇ ಎಟಿಎಂ ಕಾರ್ಡನ್ನು ಸಂದಿಯಲ್ಲಿ ಸುತ್ತಲೂ ಆಡಿಸಿ. ಬಿಸಿಲಲ್ಲಿ ತಿಂಗಳುಗಟ್ಟಲೆ ನಿಂತ ಕಾರಿಗೆ ಇಷ್ಟೇ ಸಾಕಾಗುವುದುಂಟು.

ಬ್ಯಾರಲ್ ಹಿಡಿದಿದ್ದರೆ

ಮನೆಯಲ್ಲಿ ಸಿಗುವ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಅವತ್ತಿಗೆ ತಿರುಗುತ್ತದೆ, ಆಮೇಲೆ ಎಣ್ಣೆ ಧೂಳು ಸೇರಿ ಅಂಟಾಗಿ ಮೊದಲಿಗಿಂತ ಗಟ್ಟಿ ಹಿಡಿಯುತ್ತದೆ. ಡಬ್ಲ್ಯೂಡಿ-40 ತರಹದ ಸ್ಪ್ರೇ ತಂದು, ಅದರ ಸಪೂರ ನಳಿಗೆಯನ್ನು ಕೀ ತೂತಿಗೆ ಇಟ್ಟು ಧಾರಾಳವಾಗಿ ಹೊಡೆಯಿರಿ. ಅದು ಅಮೆರಿಕದಲ್ಲಿ 1953ರಲ್ಲಿ ತೇವ ಓಡಿಸಲಿಕ್ಕೆ ಅಂತಲೇ ಮಾಡಿದ ಸಾಮಾನು, ತುಕ್ಕು, ಕೊಳೆ ಬಿಡಿಸಲು ಚೆನ್ನಾಗಿದೆ. ಹತ್ತು ನಿಮಿಷ ಬಿಡಿ. ಕೀಯನ್ನು ಒಳಗೆ ಹೊರಗೆ ಆಡಿಸಿ, ಹೊರಗೆ ಬಂದಾಗಲೆಲ್ಲ ಬಟ್ಟೆಯಲ್ಲಿ ಒರೆಸಿ. ಮೊದಲು ಕಪ್ಪಗೆ ಕಾಡಿಗೆಯಂಥ ಕೊಳೆ ಬರುತ್ತದೆ, ಅದು ಬರುವುದು ನಿಲ್ಲುವ ತನಕ ಸ್ಪ್ರೇ, ಒರೆಸು, ಮತ್ತೆ ಸ್ಪ್ರೇ. ಈಗ ಎರಡು ಬೆರಳಲ್ಲಿ ಕೀಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸುತ್ತಾ, ಸ್ಕ್ರೂಡ್ರೈವರಿನ ಹಿಡಿಯಿಂದ ಬ್ಯಾರಲ್ ಮುಖಕ್ಕೆ ಸಣ್ಣಗೆ ಕುಟ್ಟಿ. ಅಂಟಿಕೊಂಡ ಪ್ಲೇಟುಗಳು ಆ ಅದುರಿಗೆ ಬಿಟ್ಟುಕೊಳ್ಳುತ್ತವೆ. ಎರಡು ಬೆರಳಿನ ಬಲಕ್ಕೆ ತಿರುಗದ್ದು ಇಕ್ಕಳಕ್ಕೂ ಸರಿಯಾಗಿ ತಿರುಗಲ್ಲ.

ಇಷ್ಟಾದರೂ ಆಗದಿದ್ದರೆ ಬೀರುವಿನಲ್ಲಿಟ್ಟ ಎರಡನೇ ಕೀ ಹುಡುಕಿ. ದಿನಾ ಬಳಸುವ ಕೀ ಇಪ್ಪತ್ತು ವರ್ಷದಲ್ಲಿ ಸವೆದು ಅದರ ಹಲ್ಲು ಮೊಂಡಾಗಿರುತ್ತದೆ. ಸವೆದ ಕೀ ಕೊಟ್ಟು ಮಾಡಿಸಿದ ಡೂಪ್ಲಿಕೇಟೂ ಸವೆದದ್ದೇ.

ಕೀ ಮುರಿದು ಒಳಗೇ ಉಳಿದಿದೆಯಾ? ಅಕ್ಕಸಾಲಿಗರ ಸಣ್ಣ ಗರಗಸದ ಬ್ಲೇಡ್ ಒಂದು ತನ್ನಿ. ಹಲ್ಲುಗಳು ನಿಮ್ಮ ಕಡೆಗೆ ಎಳೆಯುವ ಹಾಗೆ ಹಿಡಿದು, ಮುರಿದ ಕೀಯ ಹಲ್ಲಿನ ಪಕ್ಕ ತೂರಿಸಿ, ಚೂರು ತಿರುವಿ ಎಳೆಯಿರಿ. ಬ್ಯಾರಲ್ ನೆಟ್ಟಗೆ, ಅಂದರೆ ಕೀ ಹೊರಗೆ ತೆಗೆಯುವ ಸ್ಥಿತಿಯಲ್ಲಿ ಇದ್ದರೆ ಮಾತ್ರ ತುಂಡು ಬರುತ್ತದೆ.

ಒಳಗಿನಿಂದ ತೆಗೆಯುವುದು

ರಾಡ್ ಕಳಚಿದ್ದರೆ, ಲ್ಯಾಚ್ ಜಾಮ್ ಆಗಿದ್ದರೆ ಹೊರಗೆ ಎಷ್ಟು ಒದ್ದಾಡಿದರೂ ವ್ಯರ್ಥ. ಮೊದಲು ಎರಡು ಮಾತು. ಕಾರಿಗೆ ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇದ್ದರೆ ಸಿಲಿಂಡರ್ ಇರುವುದು ಡಿಕ್ಕಿಯಲ್ಲೇ. ಗ್ಯಾಸ್ ವಾಸನೆ ಬಂದರೆ ಬಾಗಿಲೆಲ್ಲ ತೆಗೆದಿಟ್ಟು ದೂರ ಸರಿಯಿರಿ, ಸ್ವಿಚ್ ಮುಟ್ಟಬೇಡಿ, ಸ್ಪ್ರೇ ಹೊಡೆಯಬೇಡಿ, ಕಿಟ್ ಹಾಕುವ ಮೆಕ್ಯಾನಿಕ್ಕನ್ನೇ ಕರೆಸಿ. ವಾಸನೆ ಇಲ್ಲದಿದ್ದರೂ ಅಂಥ ಕಾರಿಗೆ ಡ್ರಿಲ್, ಗ್ರೈಂಡರ್ ಹತ್ತಿರ ತರಬೇಡಿ. ಇನ್ನೊಂದು, ಮಗು ಒಳಗೆ ಸಿಕ್ಕಿಕೊಂಡಿದ್ದರೆ ಈ ಲೇಖನದ ಸಾವಧಾನ ಯಾವುದೂ ಬೇಡ, 112ಕ್ಕೆ ಫೋನ್ ಮಾಡಿ, ಹಿಂದಿನ ಸೀಟು ಕಿತ್ತಾದರೂ ಸರಿ, ಗಾಜು ಒಡೆದಾದರೂ ಸರಿ ತೆಗೆಯಿರಿ. ಡಿಕ್ಕಿ ಒಳಗಿನಿಂದಲೇ ಎಳೆಯುವ ಹಿಡಿಕೆ ಇರಲೇಬೇಕು ಅಂತ ಅಮೆರಿಕದಲ್ಲಿ 2001ರ ಸೆಪ್ಟೆಂಬರ್‌ನಿಂದ ನಿಯಮ ಇದೆ. ನಮ್ಮ ಹಳೇ ಕಾರುಗಳಲ್ಲಿ ಅದನ್ನು ಹುಡುಕುತ್ತಾ ಕೂರಬೇಡಿ.

800, ಝೆನ್, ಸ್ಯಾಂಟ್ರೊ ತರಹದವಾದರೆ ಸುಲಭ. ಹಿಂದಿನ ಸೀಟು ಮಡಚಿ, ಮೇಲಿನ ಟ್ರೇ ತೆಗೆದು, ಟಾರ್ಚ್ ಹಿಡಿದು ಒಳಗೆ ತೂರಿಕೊಳ್ಳಿ. ಬಾಗಿಲಿನ ಒಳಮೈಗೆ ಹಲಗೆ ಇದ್ದರೆ ಅದರ ಸ್ಕ್ರೂ ಬಿಚ್ಚಿ, ಚಪ್ಪಟೆ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಕೆಳಗಿನ ಮೂಲೆಯಿಂದ ಒಂದೊಂದೇ ಕ್ಲಿಪ್ ಎಬ್ಬಿಸಿ. ಒಂದೆರಡು ಮುರಿಯುತ್ತವೆ, ಪರವಾಗಿಲ್ಲ. ಕೈಗವಸು ಹಾಕಿಕೊಳ್ಳಿ, ಒಳಗಿನ ತಗಡಿನ ಅಂಚು ಬ್ಲೇಡಿನಷ್ಟೇ ಚೂಪು. ಈಗ ರಾಡ್ ಬಂದು ಲ್ಯಾಚಿಗೆ ಸೇರುವ ಜಾಗದಲ್ಲಿ ಬೆರಳುಗುರಿನಷ್ಟು ದೊಡ್ಡ ಲಿವರ್ ಕಾಣುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಎರಡೂ ಕಡೆ ಮೆಲ್ಲಗೆ ದೂಡಿ ನೋಡಿ. ಯಾವ ಕಡೆ ದೂಡಿದರೆ ಸ್ಪ್ರಿಂಗ್ ಎದುರು ಒತ್ತುತ್ತದೋ ಅದೇ ತೆರೆಯುವ ದಿಕ್ಕು. ಅಲ್ಲಿ ಸ್ಪ್ರೇ ಹೊಡೆದು, ಸ್ವಲ್ಪ ಕಾದು, ಜೋರಾಗಿ ದೂಡಿ. ಹೊರಗೊಬ್ಬರು ಬಾಗಿಲು ಒತ್ತಿ ಹಿಡಿದಿದ್ದರೆ ಬೇಗ ಬಿಡುತ್ತದೆ.

ಎಸ್ಟೀಮ್ ತರಹದ ಉದ್ದ ಡಿಕ್ಕಿ ಕಾರಲ್ಲಿ ಸ್ವಲ್ಪ ಜಾಸ್ತಿ ಕೆಲಸ. ಸೀಟಿನ ಕೂರುವ ಭಾಗವನ್ನು ಮುಂದಿನ ಅಂಚಲ್ಲಿ ಹಿಡಿದು ಮೇಲಕ್ಕೆ ಎಳೆದರೆ ಕೆಲವದರಲ್ಲಿ ಕಿತ್ತು ಬರುತ್ತದೆ, ಕೆಲವದಕ್ಕೆ ಬೋಲ್ಟ್ ಇರುತ್ತದೆ. ಆಮೇಲೆ ಒರಗುವ ಭಾಗದ ಬುಡದ ಬೋಲ್ಟ್ ತೆಗೆದು ಮೇಲಕ್ಕೆತ್ತಿ. ಹಿಂದೆ ಬರೀ ಹಲಗೆ ಇದ್ದರೆ ದಾರಿ ಸಿಕ್ಕಿತು. ತಗಡು ಇದ್ದರೆ ಹಿಂದಿನ ಗಾಜಿನ ಕೆಳಗಿನ ಸ್ಪೀಕರ್ ಬಿಚ್ಚಿ, ಆ ತೂತಿನಿಂದ ಕೈ ಅಥವಾ ಕೊಕ್ಕೆ ಮಾಡಿದ ದಪ್ಪ ತಂತಿ ಇಳಿಸಿ ಕೇಬಲ್ಲನ್ನೇ ಹಿಡಿದು ಎಳೆಯಬಹುದು. ಇನ್ನು ಕೇಬಲ್ ಲಿವರಿನ ಕಡೆಯೇ ಕಳಚಿದ್ದರೆ ಅಷ್ಟೂ ಬೇಡ. ಲಿವರಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಒಳಗಿನ ತಂತಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದರೆ ಡಿಕ್ಕಿ ತೆರೆದುಕೊಳ್ಳುತ್ತದೆ. ಇಕ್ಕಳಕ್ಕೆ ಕೆಲಸ ಇರುವುದು ಇಲ್ಲಿ.

ತೆರೆದುಕೊಂಡಿತು, ಖುಷಿಯಲ್ಲಿ ಮುಚ್ಚಬೇಡಿ

ಮೊದಲು ರಾಡನ್ನು ತೋಳಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್ ನೋಡಿ. ಬಿಳಿ ಇದ್ದದ್ದು ಹಳದಿಗಟ್ಟಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ, ಅದರ ಚೂರುಗಳು ಬಾಗಿಲಿನ ತಳದಲ್ಲಿ ಬಿದ್ದಿರುತ್ತವೆ. ಹೊಸದು ಸಿಗುವ ತನಕ ತೆಳು ತಾಮ್ರದ ತಂತಿಯಿಂದ ರಾಡನ್ನು ತೋಳಿಗೆ ಕಟ್ಟಿ, ರಾಡ್ ಆಡುವಷ್ಟು ಸಡಿಲ ಇರಲಿ. ಲ್ಯಾಚಿನ ಹಳೇ ಗ್ರೀಸ್ ಟಾರಿನಂತೆ ಗಟ್ಟಿಯಾಗಿರುತ್ತದೆ, ಸೀಮೆಎಣ್ಣೆ ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಹೊಸ ಗ್ರೀಸ್ ಹಚ್ಚಿ. ಬ್ಯಾರಲ್‌ಗೆ ಗ್ರೀಸ್ ಬೇಡ. ಅದು ಪೂರ್ತಿ ಒಣಗಿದ ಮೇಲೆ ಗ್ರಾಫೈಟ್ ಪುಡಿ ಊದಿ, ಇಲ್ಲವಾದರೆ ಮೆತ್ತನೆಯ ಪೆನ್ಸಿಲನ್ನು ಕೀ ಮೇಲೆ ಚೆನ್ನಾಗಿ ಉಜ್ಜಿ ನಾಲ್ಕು ಸಲ ಹಾಕಿ ತೆಗೆಯಿರಿ.

ಬಾಗಿಲು ಓರೆಯಾಗಿ ಕೊಕ್ಕೆ ಕೂರದಿದ್ದರೆ ಬಾಡಿಯ ಕಂಬಿಯ ಬೋಲ್ಟ್ ಸಡಿಲಿಸಿ ಚೂರು ಸರಿಸಬಹುದು. ಸಡಿಲಿಸುವ ಮುಂಚೆ ಸುತ್ತಲೂ ಮಾರ್ಕರಿನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ.

ಬಾಗಿಲು ತೆರೆದೇ ಇರುವಾಗ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಒತ್ತಿ ಲಾಕ್ ಮಾಡಿ. ಟಕ್ ಅಂತ ಕೂತ ಮೇಲೆ ಕೀಯಿಂದ ಬಿಡಿಸಿ, ಮತ್ತೆ ಒತ್ತಿ ಲಿವರಿನಿಂದ ಬಿಡಿಸಿ. ಎರಡರಲ್ಲೂ ಸಲೀಸಾಗಿ ಬಿಟ್ಟರೆ ಮಾತ್ರ ಡಿಕ್ಕಿ ಮುಚ್ಚಿ.

ಲ್ಯಾಚ್ ಸ್ಪ್ರಿಂಗೇ ಹೋಗಿದ್ದರೆ ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ಹೊಸದು ಕೇಳಿ, ಸಿಗದಿದ್ದರೆ ಶಿವಾಜಿನಗರದ ಗುಜರಿ ನೋಡಿ. ಬೇರೆ ಊರಿನವರಿಗೆ ಅಲ್ಲಿಯ ಹಳೇ ಮೆಕ್ಯಾನಿಕ್ಕೇ ದಾರಿ ತೋರಿಸುತ್ತಾನೆ. ಹಳೇ ಸಾಮಾನನ್ನು ಜೊತೆಗೇ ಒಯ್ಯಿರಿ, ಕಾರಿನ ಹೆಸರು ಹೇಳಿದರೆ ಸಾಲದು. 1986ರಲ್ಲಿ 800ರ ಬಾಡಿಯೇ ಬದಲಾಗಿದೆ. ಹೊಸ ಬ್ಯಾರಲ್ ಹಾಕಿಸಿದರೆ ಡಿಕ್ಕಿಗೆ ಬೇರೆ ಕೀ ಆಗುತ್ತದೆ. ಅದು ರಗಳೆ ಅನ್ನಿಸಿದರೆ ಒಳ್ಳೆ ಕೀ ಮಾಡುವವರ ಹತ್ತಿರ ಕೊಡಿ, ಒಳಗಿನ ಪ್ಲೇಟುಗಳನ್ನು ಅದಲು ಬದಲು ಮಾಡಿ ನಿಮ್ಮ ಹಳೇ ಕೀಗೇ ಹೊಂದಿಸಿಕೊಡುತ್ತಾರೆ.