ನಾಯಿಗೆ ಕೋಳಿ-ತರಕಾರಿ ಅನ್ನ: ಅಳತೆ ತಪ್ಪದಂತೆ ಮಾಡುವ ಬಗೆ

ಮನೆಮಂದಿ ಉಂಡು ಮಿಕ್ಕ ಅನ್ನಕ್ಕೆ ಒಂದು ಸೌಟು ಸಾರು ಸುರಿದು, ಮೇಲೆ ನಾಲ್ಕು ಬಿರಿಯಾನಿ ಮೂಳೆ ಇಟ್ಟು ನಾಯಿಯನ್ನು ಕರೆಯುವುದು ನಮ್ಮಲ್ಲಿ ರೂಢಿ. ಆ ತಟ್ಟೆಯಲ್ಲಿ ಯಾವುದೂ ಸರಿಯಿಲ್ಲ. ಸಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಬರೀ ಅನ್ನದಿಂದ ಹೊಟ್ಟೆ ತುಂಬೀತು, ಮೈ ಕಟ್ಟುವಷ್ಟು ಪ್ರೋಟೀನ್ ಸಿಗದು. ಹಾಲನ್ನವೂ ಬೇಡ, ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ. ನಾಯಿಗೆಂದು ಬೇರೆ ಪಾತ್ರೆ ಇಡುವುದೇ ಸರಿ. ಉಪ್ಪು, ಖಾರ, ಒಗ್ಗರಣೆ ಇಲ್ಲದ ಅಡುಗೆ, ಅಷ್ಟೇನೂ ಕಷ್ಟವಿಲ್ಲ.

ಮೊದಲು ಅಡುಗೆಮನೆಗೊಂದು ಡಿಜಿಟಲ್ ತಕ್ಕಡಿ ತನ್ನಿ. ನಮ್ಮ ಊಟಕ್ಕೆ ಕಣ್ಣಂದಾಜು ಸಾಕು. ದಿನವೂ ಒಂದೇ ಬಗೆಯ ಊಟ ಮಾಡುವ ಪ್ರಾಣಿಗೆ ಸಣ್ಣ ತಪ್ಪೂ ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ. 10 ಕಿಲೋ ತೂಗುವ, ಬೆಳವಣಿಗೆ ಮುಗಿದ, ಕಾಯಿಲೆಯಿಲ್ಲದ ನಾಯಿಗೆ ಒಂದು ದಿನಕ್ಕೆ ಹೀಗೆ ತೂಗಿಕೊಳ್ಳಿ: ಚರ್ಮ, ಮೂಳೆ ತೆಗೆದ ಕೋಳಿ ಮಾಂಸ 250 ಗ್ರಾಂ, ಕೋಳಿ ಲಿವರ್ 15 ಗ್ರಾಂ, ಅಕ್ಕಿ 70 ಗ್ರಾಂ, ತರಕಾರಿ 80ರಿಂದ 100 ಗ್ರಾಂ, ಎಣ್ಣೆ ಒಂದು ಟೀ ಚಮಚ, ಮೊಟ್ಟೆ ಚಿಪ್ಪಿನ ಪುಡಿ ಅರ್ಧ ಟೀ ಚಮಚ, ಅದೂ ತಲೆ ತಟ್ಟಿದ್ದು. ಎಲ್ಲವೂ ಹಸಿಯಾಗಿದ್ದಾಗಿನ ತೂಕ. ಒಟ್ಟು 600 ಕ್ಯಾಲೊರಿಯ ಆಸುಪಾಸಿಗೆ ಬರುತ್ತದೆ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಹಾಕಿ. 20 ಕಿಲೋ ನಾಯಿಗೆ ಇದರ ಎರಡರಷ್ಟು ಬೇಡ, ಒಂದೂಮುಕ್ಕಾಲು ಪಾಲು ಸಾಕು. ಮೈ ದೊಡ್ಡದಾದಷ್ಟೂ ಕಿಲೋ ಲೆಕ್ಕದಲ್ಲಿ ಬೇಕಾಗುವ ಆಹಾರ ಕಡಿಮೆಯಾಗುತ್ತಾ ಹೋಗುತ್ತದೆ. ಲ್ಯಾಬ್ರಡಾರ್ ಸಾಕಿದವರು ಎಡವುವುದು ಇಲ್ಲೇ.

ಕೋಳಿ ಅಂಗಡಿಯಲ್ಲಿ 'ನಾಯಿಗೆ' ಅಂದರೆ ಸಾಕು, ಚರ್ಮ, ಕತ್ತು, ಕೊಬ್ಬಿನ ಮುದ್ದೆ ಎಲ್ಲ ಸೇರಿಸಿ ಅಗ್ಗಕ್ಕೆ ಕವರಿಗೆ ತುಂಬಿ ಕೊಡುತ್ತಾರೆ. ಅದನ್ನು ತರಬೇಡಿ. ಅಷ್ಟು ಕೊಬ್ಬು ಒಮ್ಮೆಲೇ ಬಿದ್ದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ಹೊಟ್ಟೆನೋವು ಶುರುವಾಗುತ್ತದೆ. ಸ್ಕಿನ್ ಔಟ್ ಲೆಗ್ ಪೀಸ್ ಕೇಳಿ, ಅದನ್ನೂ ತುಂಡು ಮಾಡಿಸದೆ ಇಡಿಯಾಗಿ ತನ್ನಿ. ಸಾರಿನ ಪೀಸ್ ಹೊಡೆಯುವ ಕತ್ತಿಯ ಏಟಿಗೆ ಮೂಳೆ ಚೂರಾಗಿ ಮಾಂಸದೊಳಗೆ ಸೇರಿಕೊಳ್ಳುತ್ತದೆ, ಆಮೇಲೆ ಆರಿಸುವುದು ಯಾರಿಂದಲೂ ಆಗದು. ಇಡೀ ಕಾಲಾದರೆ ಬೆಂದ ಮೇಲೆ ಮೂಳೆ ತಾನಾಗಿಯೇ ಕಳಚಿ ಬರುತ್ತದೆ. ಲೆಗ್ ಪೀಸ್‌ನಲ್ಲಿ ಮೂಳೆಯ ತೂಕವೂ ಸೇರಿರುವುದರಿಂದ 250 ಗ್ರಾಂ ಮಾಂಸಕ್ಕೆ 350ರಿಂದ 400 ಗ್ರಾಂ ತರಬೇಕು.

ಕುಕ್ಕರಿನಲ್ಲಿ ಕಾಲುಗಳು ಮುಳುಗುವಷ್ಟು ನೀರು ಹಾಕಿ ನಾಲ್ಕು ಕೂಗು ಕೂಗಿಸಿ. ಆರಿದ ಮೇಲೆ ಮಾಂಸ ಬಿಡಿಸಿ, ಬೆರಳಿನಿಂದ ಹಿಸುಕಿ ಮೂಳೆ, ಮೆಲ್ಲೆಲುಬು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕಾಲಿನ ತುಂಡಿನಲ್ಲಿ ದಬ್ಬಳದಂಥ ಒಂದು ಸಣ್ಣ ಮೂಳೆ ಇರುತ್ತದೆ, ಅದೇ ಕಣ್ತಪ್ಪಿಸುವುದು. ಬೆಂದ ನೀರನ್ನು ಚೆಲ್ಲದೆ, ಮೇಲೆ ತೇಲುವ ಕೊಬ್ಬು ತೆಗೆದು, ಅದರಲ್ಲೇ ಅಕ್ಕಿ, ಲಿವರ್, ತುರಿದ ತರಕಾರಿ ಹಾಕಿ ಮತ್ತೆ ನಾಲ್ಕು ಕೂಗು. ಅಕ್ಕಿ ಒಂದು ಪಾಲಿಗೆ ನೀರು ನಾಲ್ಕು ಪಾಲು, ಗಂಜಿಯ ಹದಕ್ಕೆ ಬರಬೇಕು. ನಾಯಿ ಅಗಿಯುವುದಿಲ್ಲ, ನುಂಗುತ್ತದೆ. ದಪ್ಪ ಹೋಳಿನ ಕ್ಯಾರೆಟ್ ಹೋದ ಹಾಗೇ ಹಿಂದಿನಿಂದ ಬರುತ್ತದೆ, ಅದಕ್ಕೇ ತುರಿಯಬೇಕು. ಲಿವರ್ ಮಾತ್ರ ಅಗ್ಗವೆಂದು ಹೆಚ್ಚಿಸಬೇಡಿ. ಅದರ ಎ ವಿಟಮಿನ್ ಮೈಯಲ್ಲಿ ಸೇರುತ್ತಾ ಹೋಗಿ ಕೊನೆಗೆ ಮೂಳೆ, ಕೀಲುಗಳನ್ನು ಕೆಡಿಸುತ್ತದೆ.

ತರಕಾರಿಯಲ್ಲಿ ಸಿಹಿಗುಂಬಳ, ಕ್ಯಾರೆಟ್, ಹುರುಳಿಕಾಯಿ ಉತ್ತಮ. ಸೋರೆ, ಹೀರೆಯೂ ಆದೀತು, ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿಯಿದ್ದರೆ ಎಸೆಯಿರಿ. ಎಲೆಕೋಸು ವಾಯು. ಪಾಲಕ್ ಸೊಪ್ಪು ದಿನವೂ ಬೇಡ, ಮೂತ್ರದಲ್ಲಿ ಕಲ್ಲಾಗುವ ನಾಯಿಗಂತೂ ಬೇಡವೇ ಬೇಡ. ಹಬ್ಬದ ದಿನ ಪಾಯಸದ ಪಾತ್ರೆಯನ್ನು ನಾಯಿಗೆ ನೆಕ್ಕಲು ಇಡುವವರು ಗಮನಿಸಿ: ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು.

ಇನ್ನು ಮೊಟ್ಟೆ ಚಿಪ್ಪು. ಮನೆ ಅಡುಗೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಇದೊಂದರಲ್ಲೇ. ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. ಕಾಡಿನ ಪ್ರಾಣಿ ಮೂಳೆ ಸಮೇತ ತಿಂದು ಅದನ್ನು ಸರಿದೂಗಿಸಿಕೊಳ್ಳುತ್ತದೆ. ನಾವು ಮೂಳೆ ತೆಗೆದು ಕೊಡುತ್ತೇವೆ. ಊಟದಲ್ಲಿ ಸಿಗದ ಕ್ಯಾಲ್ಸಿಯಂ ಅನ್ನು ನಾಯಿಯ ಮೈ ತನ್ನದೇ ಮೂಳೆಯಿಂದ ಎಳೆದುಕೊಳ್ಳುತ್ತದೆ. ಹೊರಗೆ ನೋಡಲು ನಾಯಿ ಮಿರಮಿರ ಮಿಂಚುತ್ತಿರುತ್ತದೆ, ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಚಿಪ್ಪನ್ನು ತೊಳೆದು ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ, ಮಿಕ್ಸಿಯ ಸಣ್ಣ ಜಾರಿನಲ್ಲಿ ಪುಡಿ ಮಾಡಿ, ಜರಡಿ ಹಿಡಿಯಿರಿ. ಮೈದಾ ಹಿಟ್ಟಿನಂತೆ ನುಣ್ಣಗಾಗಬೇಕು. ತರಿ ಉಳಿದರೆ ಚುಚ್ಚುತ್ತದೆ, ಅರಗುವುದೂ ಇಲ್ಲ. ಅರ್ಧ ಚಮಚದಲ್ಲಿ ಹೆಚ್ಚುಕಡಿಮೆ 1 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಡುಗೆ ಆರಿದ ಮೇಲೆ ಎಣ್ಣೆಯ ಜೊತೆ ಕಲಸಿ.

ರಾಗಿ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಕ್ಕಿಯ ಬದಲು ರಾಗಿ ಅಂಬಲಿ ಧಾರಾಳವಾಗಿ ಕೊಡಿ, ಆದರೆ 70 ಗ್ರಾಂ ರಾಗಿಯಲ್ಲಿ 250 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಸಿಕ್ಕೀತು, ಅದರಲ್ಲೂ ಒಂದು ಭಾಗ ಮೈಗೆ ಹತ್ತುವುದಿಲ್ಲ. ಚಿಪ್ಪಿನ ಪುಡಿ ಬಿಡುವಂತಿಲ್ಲ.

ಇಷ್ಟಾದರೂ ಅಯೋಡಿನ್, ಸತು, ಡಿ ಮತ್ತು ಇ ವಿಟಮಿನ್ ಈ ಅಡುಗೆಯಲ್ಲಿ ಕಡಿಮೆಯೇ. ಇದನ್ನೇ ದಿನವೂ ಹಾಕುವ ಯೋಚನೆಯಿದ್ದರೆ ಈ ಪಟ್ಟಿಯನ್ನು ಪಶುವೈದ್ಯರಿಗೆ ತೋರಿಸಿ ಖನಿಜ-ವಿಟಮಿನ್ ಪುಡಿ ಬರೆಸಿಕೊಳ್ಳಿ. ಅವರು ಕೊಡುವ ಪುಡಿಯಲ್ಲೇ ಕ್ಯಾಲ್ಸಿಯಂ ಇದ್ದರೆ ಚಿಪ್ಪನ್ನು ಎಷ್ಟು ಇಳಿಸಬೇಕೆಂದೂ ಕೇಳಿ. ಕರಾವಳಿಯವರು ವಾರಕ್ಕೆರಡು ದಿನ ಕೋಳಿಯ ಒಂದು ಪಾಲಿಗೆ ಬದಲಾಗಿ ಬೂತಾಯಿ ಮೀನು ಬೇಯಿಸಬಹುದು, ಮೂಳೆ ಬೆರಳಲ್ಲಿ ಪುಡಿಯಾಗುವ ತನಕ ಕುಕ್ಕರಿನಲ್ಲಿಡಿ. ಮರಿಗಳಿಗೆ, ಅದರಲ್ಲೂ ದೊಡ್ಡ ತಳಿಯ ಮರಿಗಳಿಗೆ, ಈ ಅಳತೆ ಬೇಡ. ಅವುಗಳಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಾಲು ಸೊಟ್ಟಗಾಗುತ್ತದೆ.

ಒಮ್ಮೆಗೆ ಮೂರು ದಿನದ್ದು ಮಾಡಿ ಫ್ರಿಜ್ಜಿನಲ್ಲಿಡಬಹುದು. ಹೆಚ್ಚಿನದನ್ನು ದಿನಕ್ಕೊಂದು ಡಬ್ಬಿಯಂತೆ ಫ್ರೀಜರಿಗೆ ಹಾಕಿ. ಬಿಸಿ ಪಾತ್ರೆಯನ್ನು ಸಂಜೆಯವರೆಗೆ ಕಟ್ಟೆಯ ಮೇಲೆ ಬಿಟ್ಟರೆ ಅನ್ನ ಹಳಸುತ್ತದೆ, ನಾಯಿಯೆಂದು ಅದಕ್ಕೆ ವಿನಾಯಿತಿಯಿಲ್ಲ. ಅಂಗಡಿ ಆಹಾರದಿಂದ ಬದಲಾಯಿಸುವಾಗ ಮೊದಲ ಎರಡು ಮೂರು ದಿನ ಕಾಲು ಭಾಗ, ಆಮೇಲೆ ಅರ್ಧ, ಮುಕ್ಕಾಲು, ಹೀಗೆ ಹತ್ತು ದಿನ ಹಿಡಿಸಿ. ಮಲ ತೆಳ್ಳಗಾದರೆ ಹಿಂದಿನ ಪಾಲಿಗೆ ಹೋಗಿ. ಎರಡು ವಾರಕ್ಕೊಮ್ಮೆ ನಾಯಿಯನ್ನು ತೂಗಿ, ಪಕ್ಕೆ ಸವರಿ ನೋಡಿ. ಪಕ್ಕೆಲುಬು ಕೈಗೆ ಸಿಗದಿದ್ದರೆ ಅಕ್ಕಿಯಲ್ಲಿ 10 ಗ್ರಾಂ ಇಳಿಸಿ, ಮಾಂಸವನ್ನೂ ಚಿಪ್ಪಿನ ಪುಡಿಯನ್ನೂ ಮುಟ್ಟಬೇಡಿ.