ಆಟೊಕ್ರಾಸ್‌ಗೆ ಹಳೇ ಸ್ವಿಫ್ಟ್: ಖರ್ಚು ಎಲ್ಲಿ, ಕೈಬಿಗಿ ಎಲ್ಲಿ?

ಆಟೊಕ್ರಾಸ್ ದಿನ ಬೆಳಿಗ್ಗೆ ಏಳಕ್ಕೆ, ಓಟಕ್ಕೆ ಮೊದಲು ಕಾರು ತಪಾಸಣೆ ಮಾಡುವ ಸ್ಕ್ರೂಟಿನಿ ಮೇಜಿನ ಪಕ್ಕ ನಿಂತರೆ, ಕಾರು ಕಾಣುವ ಮೊದಲೇ ಅದರ ಸದ್ದು ಬರುತ್ತದೆ. ಬಾನೆಟ್ ತುಂಬ ಸ್ಟಿಕ್ಕರ್. ಹಿಂದೆ ಮೂಸಂಬಿ ಹಿಡಿಸುವಷ್ಟು ಅಗಲದ ಸೈಲೆನ್ಸರ್ ಬಾಯಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಬೆಲ್ಲದ ಪಾನಕದ ಬಣ್ಣ. ‘ಯಾವಾಗ ಬದಲಾಯಿಸಿದ್ದು?’ ಎಂದರೆ ಹುಡುಗ ಅಪ್ಪನ ಮುಖ ನೋಡುತ್ತಾನೆ, ಅಪ್ಪ ಮೆಕ್ಯಾನಿಕ್ ಮುಖ ನೋಡುತ್ತಾರೆ, ಮೆಕ್ಯಾನಿಕ್ ಆಕಾಶ ನೋಡುತ್ತಾನೆ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ಲೇಖನ.

ಇಲ್ಲಿ ಹೇಳುವುದು ದಿನಾ ಆಫೀಸಿಗೆ ಹೋಗುವ ಕಾರಿನಲ್ಲೇ ಭಾನುವಾರ ಆಡುವವರಿಗೆ. ಮಣ್ಣಿನ ಮೈದಾನದಲ್ಲಿ ಕೋನ್ ಸುತ್ತುತ್ತ ಗಡಿಯಾರದ ವಿರುದ್ಧ ಓಡುವ ಆಟೊಕ್ರಾಸ್, ಕೊಟ್ಟ ಸರಾಸರಿ ವೇಗ ಕಾಯ್ದುಕೊಂಡು ತೋಟದ ರಸ್ತೆಗಳಲ್ಲಿ ಸಾಗುವ ಟಿಎಸ್‌ಡಿ ರ್‍ಯಾಲಿ, ಇವೆರಡಕ್ಕೆ ಮಾತ್ರ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳೊಳಗೆ ನಡೆಯುವ ಸ್ಟೇಜ್ ರ್‍ಯಾಲಿಯ ಕಥೆ ಬೇರೆ. ಅದಕ್ಕೆ ರೋಲ್ ಕೇಜ್, ಬಕೆಟ್ ಸೀಟ್, ಆರು ಪಟ್ಟಿಯ ಹಾರ್ನೆಸ್ ಎಲ್ಲ ಬೇಕು. ಆ ಕಾರು ಆಮೇಲೆ ಮನೆಮಂದಿಯನ್ನು ಮದುವೆಗೆ ಕರೆದೊಯ್ಯಲು ಬರುವುದಿಲ್ಲ.

ಕಾರು ಯಾವುದು ಎಂದರೆ ನನ್ನ ಉತ್ತರ ಒಂದೇ: 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಹಳೇ ಸ್ವಿಫ್ಟ್. ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ಮೂತಿ ಹಗುರ. ಡೀಸೆಲ್ ಬೇಡ. ಮುಂಭಾರ ಜಾಸ್ತಿ, ತಿರುವಿನಲ್ಲಿ ನೇರ ಹೋಗಿ ಕೋನ್ ತಿನ್ನುತ್ತದೆ.

ಮೊದಲು ಕಾಗದ

ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಮಾನ್ಯತೆಯ ಸ್ಪರ್ಧೆಯಾದರೆ ಅವರ ಲೈಸೆನ್ಸ್ ಬೇಕು. ಆಯೋಜಕರು ಹೊರಡಿಸುವ ನಿಯಮಪುಸ್ತಿಕೆಯನ್ನು ಪೂರ್ತಿ ಓದಿ. ಸ್ಟಾಕ್ ಕ್ಲಾಸಿನಲ್ಲಿ, ಅಂದರೆ ಹೆಚ್ಚೇನೂ ಮಾರ್ಪಡಿಸದ ಕಾರುಗಳ ವಿಭಾಗದಲ್ಲಿ, ಏನು ಬದಲಾಯಿಸಬಹುದು, ಏನು ಬಾರದು ಎಂಬುದು ಅದರಲ್ಲೇ ಇರುತ್ತದೆ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಸಾಮಾನ್ಯ ಖಾಸಗಿ ಕಾರು ವಿಮೆ ರೇಸ್, ವೇಗ ಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಮೈದಾನದಲ್ಲಿ ಬಂಪರ್ ಹೋದರೆ ಕಿಸೆಯಿಂದಲೇ. ಕಾರಿನ ಮೂಲ ವಿವರ ಬದಲಾಗುವಂಥ ಮಾರ್ಪಾಡು ಮಾಡಿ ರಸ್ತೆಗಿಳಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎದುರಾಗುತ್ತದೆ.

ಖಾಲಿ ಮಾಡಿ

ಕಾಲ್ಚಾಪೆ, ನೀರಿನ ಬಾಟಲಿ, ಕೊಡೆ, ಡಿಕ್ಕಿಯ ಜಾಕ್, ಎಲ್ಲ ಹೊರಗೆ. ಬಾಟಲಿ ಉರುಳಿ ಬ್ರೇಕ್ ಪೆಡಲಿನ ಹಿಂದೆ ಕೂತರೆ ಮುಗಿಯಿತು. ಡ್ಯಾಶ್‌ಬೋರ್ಡಿನ ಗಣಪನನ್ನು ಕೈಮುಗಿದು ಮನೆಗೆ ಕಳಿಸಿ. ಎರಡು ಬದಿ ಅಂಟಿನ ಟೇಪನ್ನು ನಂಬಿ ಕೂತ ಕಲ್ಲಿನ ವಿಗ್ರಹ ಎದೆಗೆ ಬಡಿದದ್ದನ್ನು ಕಂಡಿದ್ದೇನೆ. ಬ್ಯಾಟರಿ ಅಲ್ಲಾಡಬಾರದು. ಅದರ ಪ್ಲಸ್ ತುದಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ.

ಬ್ರೇಕ್: ಇಡೀ ಶನಿವಾರ ಇದಕ್ಕೇ ಇರಲಿ

ಬ್ರೇಕ್ ಆಯಿಲ್ ಎಂದು ಕರೆದರೂ ಅದು ಆಯಿಲ್ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ಪಸೆ ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಅದರ ಮಾನಕ ಮಟ್ಟ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ ಇವೇ ಅಂಕಿಗಳು 205 ಮತ್ತು 140. ಸಿಟಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೈದಾನದಲ್ಲಿ ಬೆನ್ನುಬೆನ್ನಿಗೆ ಬ್ರೇಕ್ ಒತ್ತಿದಾಗ, ಚಕ್ರದ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಒಳಗೆ ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆನೆದ ಇಡ್ಲಿಯಂತೆ ನೆಲಕ್ಕಿಳಿಯುತ್ತದೆ, ಕಾರು ಮಾತ್ರ ಹೋಗುತ್ತಲೇ ಇರುತ್ತದೆ.

ಸೀಲ್ ಒಡೆಯದ ಡಾಟ್ 4 ಡಬ್ಬಿ ತನ್ನಿ. ಗ್ಯಾರೇಜಿನ ಮೂಲೆಯಲ್ಲಿ ಅರ್ಧ ಉಳಿದದ್ದು ಬೇಡವೇ ಬೇಡ. ಅಂಗಡಿಯವನು ‘ಐದು ನಾಲ್ಕಕ್ಕಿಂತ ದೊಡ್ಡದಲ್ವಾ ಸರ್’ ಎಂದು ಡಾಟ್ 5 ಕೊಟ್ಟರೆ ವಾಪಸ್ ಕೊಡಿ. ಅದು ಸಿಲಿಕೋನ್, ಇದರ ಜತೆ ಸೇರಬಾರದು. ಡಾಟ್ 5.1 ಬೇರೆ, ಅದು ಗ್ಲೈಕಾಲ್‌ದೇ.

ಹಳೇ ದ್ರವ, ಗಾಳಿ ಹೊರಹಾಕುವ ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಮೇಲೆ, ಇನ್ನೊಬ್ಬರು ಚಕ್ರದ ಬಳಿ. ಮೊದಲು ಬಾನೆಟ್ ಕೆಳಗಿನ ಡಬ್ಬಿಯ ಹಳೇ ದ್ರವವನ್ನು ಸಿರಿಂಜಿನಿಂದ ಎಳೆದು ಹೊಸದು ತುಂಬಿ. ಪೇಂಟಿನ ಮೇಲೆ ಹನಿ ಬಿದ್ದರೆ ಒರೆಸಬೇಡಿ, ನೀರು ಸುರಿಯಿರಿ. ಅದು ಬಣ್ಣ ತಿನ್ನುತ್ತದೆ. ಚಕ್ರದ ಬ್ರೇಕಿನಲ್ಲಿ ದ್ರವ ಹೊರಬಿಡುವ ಸಣ್ಣ ತೂತಿನ ಬೋಲ್ಟೇ ನಿಪ್ಪಲ್. ಅದಕ್ಕೆ ರಿಂಗ್ ಸ್ಪ್ಯಾನರ್ ಹಾಕಿ. ಬಾಯಿ ತೆರೆದ ಸ್ಪ್ಯಾನರ್ ಹಾಕಿದವರು ಮೂಲೆ ಸವೆಸಿ, ಕೊನೆಗೆ ಕ್ಯಾಲಿಪರನ್ನೇ ಬಿಚ್ಚಿ ಲೇತ್ ಅಂಗಡಿಗೆ ಒಯ್ದಿದ್ದಾರೆ. ನಿಪ್ಪಲ್ ತುದಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವ ಇರುವ ಬಾಟಲಿಯಲ್ಲಿ ಮುಳುಗಿಸಿ.

ಸ್ವಿಫ್ಟ್‌ನಂಥ ಕಾರಿನಲ್ಲಿ ಬ್ರೇಕ್ ಸಾಲು ಎರಡು, ಮೂಲೆಯಿಂದ ಮೂಲೆಗೆ ಅಡ್ಡಡ್ಡ. ನಾನು ಅನುಸರಿಸುವ ಕ್ರಮ ಹಿಂದಿನ ಎಡ, ಮುಂದಿನ ಬಲ, ಹಿಂದಿನ ಬಲ, ಮುಂದಿನ ಎಡ. ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಬೇರೆ ಹೇಳಿದರೆ ಅದೇ ಸರಿ.

ಈಗ ಮಾತು ಮೂರೇ. ಕೆಳಗಿರುವವರು ‘ಒತ್ತು’ ಅನ್ನಬೇಕು. ಪೆಡಲ್ ಇಳಿಯುವಾಗ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಬೇಕು. ‘ಹಿಡ್ಕೋ’ ಅನ್ನಬೇಕು, ನಿಪ್ಪಲ್ ಬಿಗಿಯಬೇಕು. ಬಿಗಿದ ಮೇಲೆ ಮಾತ್ರ ‘ಬಿಡು’. ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ: ನಿಪ್ಪಲ್ ತೆರೆದಿರುವಾಗಲೇ ಮೇಲಿನವರು ಕಾಲು ತೆಗೆಯುತ್ತಾರೆ, ಹೊರಹೋದ ಗಾಳಿ ಅದೇ ದಾರಿಯಲ್ಲಿ ವಾಪಸ್. ಮೇಲಿರುವವರು ಫೋನ್ ನೋಡುತ್ತಿದ್ದರೆ ಕೆಲಸ ನಿಲ್ಲಿಸಿ.

ಪೆಡಲನ್ನು ನೆಲಮಟ್ಟ ತುಳಿಯುವುದೂ ಬೇಡ. ಪೆಡಲಿನ ಒತ್ತಡವನ್ನು ದ್ರವಕ್ಕೆ ದಾಟಿಸುವುದು ಮಾಸ್ಟರ್ ಸಿಲಿಂಡರ್. ಹಳೇ ಕಾರಿನಲ್ಲಿ ಅದರೊಳಗಿನ ಪಿಸ್ಟನ್ ದಿನಾ ಓಡಾಡುವ ಜಾಗ ಮಾತ್ರ ನಯ. ಅದರಾಚೆ ಕಿಲುಬು, ಕಸ. ಅಲ್ಲಿಗೆ ತಳ್ಳಿದರೆ ರಬ್ಬರ್ ಸೀಲ್ ಹರಿಯಬಹುದು. ಪೆಡಲಿನ ಕೆಳಗೆ ಒಂದೂವರೆ ಇಂಚು ದಪ್ಪದ ಮರದ ತುಂಡು ಇಡಿ. ಎರಡು ರೂಪಾಯಿಯೂ ಇಲ್ಲದ ಈ ಉಪಾಯ ಹೊಸ ಮಾಸ್ಟರ್ ಸಿಲಿಂಡರಿನ ದುಡ್ಡು ಉಳಿಸುತ್ತದೆ.

ಗುಳ್ಳೆ ನಿಂತು, ಪೈಪಿನಲ್ಲಿ ತಿಳಿಬಣ್ಣದ ದ್ರವ ಬರುವವರೆಗೆ ಮುಂದುವರಿಸಿ. ಕ್ಯಾಲಿಪರನ್ನು ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಮೂಲೆಯಲ್ಲಿ ಅವಿತ ಗುಳ್ಳೆ ಮೇಲೆ ಬರುತ್ತದೆ. ನಾಲ್ಕೈದು ಸಲ ಒತ್ತಿದಾಗೊಮ್ಮೆ ಎದ್ದುಹೋಗಿ ಡಬ್ಬಿ ತುಂಬಿಸಿ. ನಾನೇ ಒಮ್ಮೆ ಮೂರನೇ ಚಕ್ರದಲ್ಲಿ ಮಾತಿಗೆ ನಿಂತು ಡಬ್ಬಿ ಬರಿದು ಮಾಡಿ, ಮಧ್ಯಾಹ್ನದ ಕೆಲಸವನ್ನು ಟಾರ್ಚ್ ಬೆಳಕಿನಲ್ಲಿ ಮತ್ತೆ ಮೊದಲಿಂದ ಮಾಡಿದ್ದೇನೆ. ಎಬಿಎಸ್ ಇರುವ ಕಾರಿನಲ್ಲಿ ಹೀಗೆ ಬರಿದಾದರೆ ಅದರ ಘಟಕದೊಳಗೆ ಗಾಳಿ ಸೇರಬಹುದು. ಆಗ ಸ್ಕ್ಯಾನರ್ ಇರುವ ಗ್ಯಾರೇಜೇ ಗತಿ.

ಮುಗಿದ ಮೇಲೆ ಪೆಡಲ್ ಒತ್ತಿ ಹಿಡಿದೇ ಎಂಜಿನ್ ಚಾಲು ಮಾಡಿ. ಸ್ವಲ್ಪ ಇಳಿದು ಗಟ್ಟಿಯಾದರೆ, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಸರಿಯಿದೆ. ನಿಧಾನ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆ, ಅಥವಾ ಮಾಸ್ಟರ್ ಸಿಲಿಂಡರ್ ಸೋತಿದೆ. ಕಾರು ಗೇಟು ದಾಟಬಾರದು. ಹಿಂದಿನ ಡ್ರಮ್ ಹೊಂದಿಸಿದ ಮೇಲೆಯೇ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಿರಿ. ಕೋನ್ ಸುತ್ತ ಹಿಂಭಾಗ ತಿರುಗಿಸಲು ಅದು ಬೇಕೇ ಬೇಕು.

ಚಕ್ರ, ಹೊಟ್ಟೆ

ಮಣ್ಣಿಗೆ ಸ್ಟೀಲ್ ರಿಮ್. ಬಗ್ಗಿದರೆ ಬಡಿದು ನೆಟ್ಟಗೆ ಮಾಡಬಹುದು, ಅಗ್ಗದ ನಕಲಿ ಅಲಾಯ್ ಒಡೆಯುತ್ತದೆ. ವೀಲ್ ಕ್ಯಾಪ್ ಮನೆಯಲ್ಲಿರಲಿ. ಟೈರ್ ಗಾಳಿ ಕಂಪನಿ ಹೇಳಿದ್ದಕ್ಕಿಂತ ಮೂರ್ನಾಲ್ಕು ಪಿಎಸ್‌ಐ ಹೆಚ್ಚಿರಲಿ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು ಒಂದು ಸುತ್ತು ಹೋಗಿಬನ್ನಿ. ಸುಣ್ಣ ಪಕ್ಕದ ಗೋಡೆಯವರೆಗೂ ಅಳಿಸಿದ್ದರೆ ಟೈರ್ ಮಗುಚುತ್ತಿದೆ, ಇನ್ನೆರಡು ಪಿಎಸ್‌ಐ ತುಂಬಿಸಿ. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವವರ ಜತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಎಂಜಿನ್ನಿನ ಹೊಟ್ಟೆ ಕಾಯುವ ತಟ್ಟೆ, ಅಂದರೆ ಸಂಪ್ ಗಾರ್ಡ್ ಹಾಕಿಸಿದರೆ 3 ಮಿಲಿಮೀಟರ್ ಉಕ್ಕಿನದು ಸಾಕು, ಆದರೆ ಬೋಲ್ಟ್ ಹೋಗಬೇಕಾದ್ದು ಕೆಳಗಿನ ಗಟ್ಟಿ ಅಡ್ಡತೊಲೆ ಕ್ರಾಸ್‌ಮೆಂಬರಿಗೆ, ತೆಳು ತಗಡಿಗಲ್ಲ. ಆಯಿಲ್ ಬೋಲ್ಟ್ ಎದುರಿಗೆ ತೂತು ಇರಲಿ. ಎಳೆಯುವ ಕೊಕ್ಕೆಯನ್ನು ಮೊದಲೇ ತಿರುಗಿಸಿ ನೋಡಿ. ಪೋಲೊ ಇಟ್ಟವರಿಗೆ ಎಚ್ಚರಿಕೆ: ಅದರ ಕೊಕ್ಕೆಯ ತಿರುಪು ಎಡದ್ದು, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ.

ಎಂಜಿನ್? ಆಯಿಲ್, ಕೂಲೆಂಟ್, ಹೊಸ ಕಾಗದದ ಏರ್ ಫಿಲ್ಟರ್. ಅಷ್ಟೇ. ಕೆಂಪು ಧೂಳಿನಲ್ಲಿ ಹತ್ತಿಯ ‘ರೇಸಿಂಗ್’ ಫಿಲ್ಟರ್ ಹಾಕುವುದು ಎಂಜಿನ್ನಿಗೆ ಉಸುಕು ಉಣಿಸಿದಂತೆ.

ಕೂರುವುದು

ಬೆನ್ನು ಸೀಟಿಗೆ ಅಂಟಿದ್ದಾಗ ಮಣಿಕಟ್ಟು ಸ್ಟಿಯರಿಂಗ್ ನೆತ್ತಿಯ ಮೇಲೆ ಕೂರಬೇಕು. ಆನ್‌ಲೈನಿನಲ್ಲಿ ಸಿಗುವ ಲೇಬಲ್ಲೇ ಇಲ್ಲದ ನಾಲ್ಕು ಪಟ್ಟಿಯ ಬೆಲ್ಟ್ ಬೇಡ. ಮೂಲ ಸೀಟಿನಲ್ಲಿ ಅದು ಸೊಂಟದ ಪಟ್ಟಿಯನ್ನು ಹೊಟ್ಟೆಗೇರಿಸುತ್ತದೆ, ಅಪಘಾತದಲ್ಲಿ ದೇಹ ಕೆಳಗೆ ಜಾರುತ್ತದೆ. ಕಂಪನಿಯ ಬೆಲ್ಟೇ ಸಾಕು: ಸೀಟನ್ನು ಒಂದು ಹಲ್ಲು ಹಿಂದೆ ಸರಿಸಿ, ಬೆಲ್ಟ್ ಹಾಕಿ ಜೋರಾಗಿ ಎಳೆದು ಲಾಕ್ ಆದಾಗ ಸೀಟು ಮುಂದೆ ತನ್ನಿ. ಮೈಗೆ ಬಿಗಿಯಾಗಿ ಕೂರುತ್ತದೆ. ಹತ್ತಿ ಬಟ್ಟೆ, ತೆಳು ಅಡಿಯ ಶೂ. ಯಾವ ದರ್ಜೆಯ ಹೆಲ್ಮೆಟ್ ಎಂಬುದನ್ನು ನಿಯಮಪುಸ್ತಿಕೆಯಲ್ಲೇ ನೋಡಿ. ಬೈಕಿನದು ಎಲ್ಲ ಕಡೆ ನಡೆಯುವುದಿಲ್ಲ.

ಮೊದಲ ಓಟ ಮುಗಿಸಿ ಬಂದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಡ್ರಮ್ ಬಿಸಿಯಾಗಿರುತ್ತದೆ. ಗೇರಿಗೆ ಹಾಕಿ, ಚಕ್ರಕ್ಕೊಂದು ಕಲ್ಲು ಕೊಡಿ. ಆಮೇಲೆ ಟಾರ್ಕ್ ರೆಂಚ್ ತೆಗೆದು ನಾಲ್ಕೂ ಚಕ್ರದ ನಟ್ ಮತ್ತೆ ನೋಡಿ. ಟೀ ಅದಾದ ಮೇಲೆ.