ಬೆಂಕಿ ಆರಿದ ಮೇಲಿನ ಎರಡನೇ ವಾರ

ಟೆಕ್ಸಾಸ್‌ನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್‌ನಲ್ಲಿ 2024ರ ಫೆಬ್ರುವರಿ 26ರಂದು ಹೊತ್ತಿಕೊಂಡ ಸ್ಮೋಕ್‌ಹೌಸ್ ಕ್ರೀಕ್ ಕಾಳ್ಗಿಚ್ಚು ಹತ್ತು ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. ಆ ರಾಜ್ಯ ಅಷ್ಟು ದೊಡ್ಡ ಬೆಂಕಿಯನ್ನು ಹಿಂದೆ ಕಂಡಿರಲಿಲ್ಲ. ಸಾವಿರಾರು ದನಗಳು ಸತ್ತವು. ಪಶುವೈದ್ಯನಾದ ನಾನು ಅಲ್ಲಿನ ರಾಂಚ್‌ಗಳಿಗೆ, ಅಂದರೆ ದನ ಸಾಕುವ ದೊಡ್ಡ ಜಮೀನುಗಳಿಗೆ, ಹೋದದ್ದು ಬದುಕುಳಿದ ದನಗಳಿಗಾಗಿ.

ಎದ್ದು ನಿಂತು ಮೇವು ತಿನ್ನುವ ಹಸು ಪಾರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಅದನ್ನು ನಂಬಬಾರದು. ಕಾದ ನೆಲದ ಮೇಲೆ ಓಡಿದ ದನಕ್ಕೆ ಗೊರಸು ಮತ್ತು ಚರ್ಮ ಕೂಡುವ ಜಾಗದಲ್ಲಿ ಸುಟ್ಟಿರುತ್ತದೆ. ಮೊದಲ ದಿನ ಕೊಂಚ ಕುಂಟುತ್ತದೆ, ಅಷ್ಟೇ. ಒಂದೆರಡು ವಾರಗಳ ನಂತರ ಗೊರಸೇ ಕಳಚತೊಡಗುತ್ತದೆ. ಕಾಲುಬಾಯಿ ಜ್ವರದಲ್ಲಿ ಗೊರಸು ಬಿಡುವುದನ್ನು ಕಂಡ ನಮ್ಮ ಕಡೆಯ ರೈತರಿಗೆ ಆ ನೋವಿನ ಅಂದಾಜು ಸಿಕ್ಕೀತು. ಹೊಗೆ ಕುಡಿದ ಶ್ವಾಸಕೋಶಕ್ಕೆ ನ್ಯುಮೋನಿಯಾ ಹತ್ತುವುದೂ ತಡವಾಗಿಯೇ. ಹಾಗಾಗಿ ಮೊದಲ ತಪಾಸಣೆಯಲ್ಲಿ ನಾನು ಹಿಂಡನ್ನು ಮೂರು ಭಾಗ ಮಾಡುತ್ತಿದ್ದೆ: ಉಳಿಯುವಂಥವು, ಉಳಿಯದಂಥವು, ಮತ್ತೆ ನೋಡಬೇಕಾದವು. ಮೂರನೆಯ ಗುಂಪೇ ಯಾವಾಗಲೂ ದೊಡ್ಡದು. ಅದಕ್ಕಾಗಿ ತಪ್ಪದೆ ಎರಡನೇ ಸಲ ಹೋಗುತ್ತಿದ್ದೆ.

ಉಳಿಯದಂಥವನ್ನು ನರಳಲು ಬಿಡದೆ ಆಗಲೇ ಕೊನೆಗಾಣಿಸಬೇಕು. ಆ ಮಾತನ್ನು ನಾನೇ ಮೊದಲು ಎತ್ತುತ್ತಿದ್ದೆ. ಪ್ರತಿ ಹಸುವಿನ ತಾಯಿ ಯಾವುದೆಂದು ಬಲ್ಲ ಮಾಲೀಕರ ಮೇಲೆ ಆ ಭಾರವನ್ನೂ ಹೊರಿಸುವುದು ಸರಿಯಲ್ಲ.

ಅದು ಕರು ಹಾಕುವ ಕಾಲ. ಮೊಲೆತೊಟ್ಟು ಸುಟ್ಟ ಹಸು ಕರುವನ್ನು ಹತ್ತಿರ ಸೇರಿಸದೆ ಒದೆಯುತ್ತದೆ. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಗಿಣ್ಣುಹಾಲು ಸಿಗದ ಕರುವಿಗೆ ರೋಗನಿರೋಧಕ ಶಕ್ತಿಯೇ ಇರುವುದಿಲ್ಲ. ಆದ್ದರಿಂದ ಏನು ಕಳುಹಿಸಲಿ ಎಂದು ದೂರದೂರುಗಳಿಂದ ಕೇಳಿದವರಿಗೆ ಗಿಣ್ಣುಹಾಲಿನ ಪುಡಿ, ಕರುವಿನ ಹಾಲಿನ ಪುಡಿ, ಬೇಲಿಯ ಕಂಬ, ಮುಳ್ಳುತಂತಿ ಎನ್ನುತ್ತಿದ್ದೆ. ಹಳೆಯ ಬಟ್ಟೆ ಬೇಡ ಎಂದೂ ನೇರವಾಗಿ ಹೇಳುತ್ತಿದ್ದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಗ್ರಿಲೈಫ್ ಕೃಷಿ ವಿಸ್ತರಣಾ ಸೇವೆಯವರು ಮೇವು ಮತ್ತು ಬೇಲಿ ಸಾಮಗ್ರಿಗೆ ಸಂಗ್ರಹ ಕೇಂದ್ರಗಳನ್ನು ತೆರೆದಿದ್ದರು. ಲಾರಿಗಳನ್ನು ಅಲ್ಲಿಗೇ ಕಳುಹಿಸುವುದು ಎಲ್ಲರಿಗೂ ಅನುಕೂಲ.

ಬೇಲಿಯ ವಿಷಯ ಹೊರಗಿನವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಮರದ ಕಂಬ ಸುಟ್ಟುಹೋಗುತ್ತದೆ, ತಂತಿ ಮಾತ್ರ ಉಳಿದಂತೆ ಕಾಣುತ್ತದೆ. ಬೆಂಕಿಯಲ್ಲಿ ಹೆಚ್ಚು ಕಾದ ತಂತಿಯ ಸತುವಿನ ಲೇಪ ಹೋಗಿ, ಬಲ ಕುಂದಿರಬಹುದು. ಬೇಲಿಯಿಲ್ಲದೆ ಉಳಿದ ದನಗಳನ್ನು ಹಿಡಿದಿಡುವುದಾದರೂ ಎಲ್ಲಿ?

ಕಾಗದಪತ್ರದ ಕೆಲಸವನ್ನು ನಾನು ಚಿಕಿತ್ಸೆಯ ಭಾಗವೆಂದೇ ಭಾವಿಸುತ್ತೇನೆ. ಅಮೆರಿಕದ ಕೇಂದ್ರ ಕೃಷಿ ಇಲಾಖೆ ಹೀಗೆ ಸತ್ತ ದನಕ್ಕೆ ಮಾರುಕಟ್ಟೆ ಬೆಲೆಯ ಶೇ 75ರಷ್ಟು ಪರಿಹಾರ ಕೊಡುತ್ತದೆ. ಬೇಲಿಯ ಖರ್ಚಿಗೆ ಬೇರೆ ಯೋಜನೆಯಿದೆ. ಆದರೆ ಕಳೇಬರಗಳನ್ನು ಕಂದಕಕ್ಕೆ ತಳ್ಳಿದ ಮೇಲೆ ಸಾಕ್ಷಿ ಎಲ್ಲಿಂದ ತರುವುದು? ಹೂಳುವ ಮೊದಲು ಕಿವಿಯೋಲೆಯ ಸಂಖ್ಯೆ ಕಾಣುವಂತೆ ದಿನಾಂಕ ಸಹಿತ ಫೋಟೊ ತೆಗೆಸಿ, ಪಟ್ಟಿ ಬರೆದು ಸಹಿ ಹಾಕಿ ಕೊಡುತ್ತಿದ್ದೆ. ಹೊಟ್ಟೆಯಲ್ಲಿದ್ದ ಕರುವಿಗೆ ಆಗಿನ ನಿಯಮದಲ್ಲಿ ಪರಿಹಾರವೇ ಇರಲಿಲ್ಲ. ಇಂದೋ ನಾಳೆಯೋ ಈಯಬೇಕಿದ್ದ ಹಸು ಸತ್ತರೆ ಹೋಗುವುದು ಎರಡು ಜೀವ; ಲೆಕ್ಕಕ್ಕೆ ಬರುತ್ತಿದ್ದುದು ಒಂದೇ. ಇದು ಅನ್ಯಾಯವೆಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಹೋರಿಗಳ ವೃಷಣಕ್ಕೆ ಬಿಸಿ ತಗುಲಿದ್ದರೆ ವೀರ್ಯದ ಗುಣ ಕುಸಿಯುತ್ತದೆ. ಸುಮಾರು ಎರಡು ತಿಂಗಳ ನಂತರ ಪರೀಕ್ಷಿಸದೆ ಹಿಂಡಿಗೆ ಬಿಡಬಾರದು. ಹುಲ್ಲಿನ ಬೇರು ಬಹುತೇಕ ಬದುಕಿರುತ್ತದೆ, ಮಳೆ ಬಿದ್ದರೆ ಚಿಗುರುತ್ತದೆ. ಆ ಎಳೆ ಚಿಗುರನ್ನು ಆಗಲೇ ಮೇಯಿಸಿದರೆ ಬೇರು ಸೊರಗುತ್ತದೆ. ಹುಲ್ಲುಗಾವಲಿಗೆ ವಿಶ್ರಾಂತಿ ಕೊಟ್ಟಷ್ಟು ಕಾಲ ದನಗಳಿಗೆ ಹೊರಗಿನ ಮೇವೇ ಗತಿ. ಮಾರ್ಚ್‌ನಲ್ಲಿ ಫೋನ್ ಮಾಡಿದ ದಾನಿಗಳಲ್ಲಿ ಅರ್ಧದಷ್ಟು ಮಂದಿಗೆ, ನಿಮ್ಮ ಲಾರಿಯನ್ನು ಅಲ್ಲಿನ ಬೇಸಿಗೆಗೆ, ಅಂದರೆ ಜೂನ್ ಹೊತ್ತಿಗೆ, ಕಳುಹಿಸಿ ಎಂದು ವಿನಂತಿಸಿಕೊಂಡೆ.